ಹಾರ ಹಾಕಿದ ಮೇಲೆ ಬಂದ ರಾತ್ರಿ: ವೈದ್ಯಕೀಯ ವಿಭಾಗವೊಂದು ಹೊಸ ಸಿಬ್ಬಂದಿಯನ್ನು ಬರಮಾಡಿಕೊಂಡ ಪ್ರಕರಣ

ಈ ಪ್ರಕರಣ ಮಧ್ಯ ಕರ್ನಾಟಕದಲ್ಲಿರುವ, ವಿಶ್ವವಿದ್ಯಾಲಯವೊಂದಕ್ಕೆ ಸೇರಿದ ವೈದ್ಯಕೀಯ ಕಾಲೇಜಿನ ಜನರಲ್ ಮೆಡಿಸಿನ್ ವಿಭಾಗದ್ದು. ಕಾಲೇಜು, ಊರು ಮತ್ತು ಸಂಬಂಧಪಟ್ಟವರ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಹಾವು ಕಡಿತದ ರೋಗಿಯೊಬ್ಬರ ಚಿಕಿತ್ಸೆ ಒಂದು ರಾತ್ರಿ ತಡವಾದ ಘಟನೆಯ ನಂತರ ರಚನೆಯಾದ ಪರಾಮರ್ಶೆ ಸಮಿತಿಯಲ್ಲಿ ಬೇರೆ ವಿಭಾಗದ ಸದಸ್ಯನಾಗಿ ಕುಳಿತಿದ್ದರಿಂದ ಕಡತಗಳನ್ನೂ ಅವುಗಳ ಹಿಂದಿನ ಮಾತುಕತೆಯನ್ನೂ ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಈ ವಿಭಾಗ ಹೊಸಬರ ಬಗ್ಗೆ ಉದಾಸೀನವಾಗಿತ್ತು ಎಂದು ಯಾರೂ ಹೇಳುವಂತಿರಲಿಲ್ಲ. ಸ್ವಾಗತಕ್ಕೆ ಅದು ಸಾಕಷ್ಟು ಶ್ರಮ ವಹಿಸಿತ್ತು, ಆದರೆ ಆ ಶ್ರಮವೆಲ್ಲ ಮೊದಲ ದಿನಕ್ಕೆ, ಅದರಲ್ಲೂ ಹಗಲು ಹೊತ್ತಿಗೆ ಮೀಸಲಾಗಿತ್ತು.

ಹಿನ್ನೆಲೆ

ವಿಭಾಗದಲ್ಲಿ ಐದು ಯೂನಿಟ್‌ಗಳಿದ್ದವು. ಪ್ರತಿ ಯೂನಿಟ್‌ಗೂ ಪ್ರಾಧ್ಯಾಪಕರೋ ಸಹ ಪ್ರಾಧ್ಯಾಪಕರೋ ಮುಖ್ಯಸ್ಥರಾಗಿದ್ದು, ಅವರ ಕೆಳಗೆ ಸಹಾಯಕ ಪ್ರಾಧ್ಯಾಪಕರು, ಸೀನಿಯರ್ ರೆಸಿಡೆಂಟ್ (ಸ್ನಾತಕೋತ್ತರ ಪದವಿ ಮುಗಿಸಿದ ಕಿರಿಯ ವೈದ್ಯರು), ಪಿಜಿಗಳು (ಆ ಪದವಿ ಓದುತ್ತಿರುವ ವೈದ್ಯರು) ಮತ್ತು ಹೌಸ್ ಸರ್ಜನ್‌ಗಳು (ಎಂಬಿಬಿಎಸ್ ಮುಗಿಸಿ ತರಬೇತಿಯಲ್ಲಿರುವವರು) ಕೆಲಸ ಮಾಡುತ್ತಿದ್ದರು. ವಾರದಲ್ಲಿ ಒಂದು ದಿನ ಒಂದು ಯೂನಿಟ್‌ನ ಒಪಿಡಿ (ಹೊರರೋಗಿ ವಿಭಾಗ). ಆ ದಿನವೇ ಅದರ ಅಡ್ಮಿಷನ್ ಡೇ. ಮರುದಿನ ಬೆಳಗಿನವರೆಗೆ ಕ್ಯಾಷುಯಾಲ್ಟಿಗೆ ಬಂದ ಮೆಡಿಸಿನ್ ರೋಗಿಗಳೆಲ್ಲ ಆ ಯೂನಿಟ್‌ಗೇ ಸೇರುತ್ತಿದ್ದರು. ಸುತ್ತಲೆಲ್ಲ ಮೆಕ್ಕೆಜೋಳ ಮತ್ತು ಭತ್ತದ ಹೊಲಗಳಿರುವ ಊರಾದ್ದರಿಂದ ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ, ಕೀಟನಾಶಕ ಕುಡಿದವರು ಮತ್ತು ಹಾವು ಕಡಿತದವರು ರಾತ್ರಿಯೇ ಹೆಚ್ಚಾಗಿ ಬರುತ್ತಿದ್ದರು.

ವೈದ್ಯಕೀಯ ಕಾಲೇಜುಗಳಲ್ಲಿ ಹೊಸಬರು ಒಬ್ಬೊಬ್ಬರಾಗಿ ಬರುವುದು ಕಡಿಮೆ. 2020ರ ಸೆಪ್ಟೆಂಬರ್‌ನಲ್ಲಿ ಹಳೆಯ ಭಾರತೀಯ ವೈದ್ಯಕೀಯ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು ಸೀಟುಗಳ ಸಂಖ್ಯೆಗೆ ತಕ್ಕಂತೆ ಬೋಧಕರೂ ರೆಸಿಡೆಂಟ್‌ಗಳೂ ಇರಬೇಕೆಂದು ನಿಗದಿಪಡಿಸಿದೆ. ಆಧಾರ್ ಆಧಾರಿತ ಹಾಜರಾತಿಯಿಂದ ಅದನ್ನು ಪರಿಶೀಲಿಸುತ್ತದೆ. ಹೀಗಾಗಿ ಪರಿಶೀಲನೆಯ ಕಾಲ ಹತ್ತಿರವಾದಂತೆ ಖಾಲಿ ಹುದ್ದೆಗಳನ್ನು ಒಟ್ಟೊಟ್ಟಿಗೆ ತುಂಬುವ ಅವಸರ ಎಲ್ಲೆಡೆಯೂ ಕಾಣುತ್ತದೆ. ಇಲ್ಲಿಯೂ ಹಾಗೆಯೇ ಆಗಿ, ಆ ವರ್ಷ ಒಂದೇ ತಿಂಗಳಲ್ಲಿ ಇಬ್ಬರು ಸಹಾಯಕ ಪ್ರಾಧ್ಯಾಪಕರು, ಮೂವರು ಸೀನಿಯರ್ ರೆಸಿಡೆಂಟ್‌ಗಳು, ಕೆಲವು ಸ್ಟಾಫ್ ನರ್ಸ್‌ಗಳು ಮತ್ತು ಹೊರಗುತ್ತಿಗೆಯ ಗ್ರೂಪ್ ಡಿ ನೌಕರರು ಕೆಲಸಕ್ಕೆ ಸೇರಿದರು.

ಸೆಮಿನಾರ್ ಹಾಲ್‌ನಲ್ಲಿ ವೈದ್ಯರಿಗೆ ಶಾಲು ಹೊದಿಸಿ, ಹಾರ ಹಾಕಿ, ವಿಭಾಗದ ಮುಖ್ಯಸ್ಥರು ಒಳ್ಳೆಯ ಮಾತುಗಳನ್ನಾಡಿದರು. ಉಪ್ಪಿಟ್ಟು-ಕೇಸರಿಬಾತ್ ಆಯಿತು, ಗ್ರೂಪ್ ಫೋಟೊ ಆಯಿತು, ಎಲ್ಲರ ಮೊಬೈಲ್ ನಂಬರ್‌ಗಳೂ ವಿಭಾಗದ ವಾಟ್ಸ್ಆ್ಯಪ್ ಗುಂಪಿಗೆ ಸೇರಿದವು. ನರ್ಸ್‌ಗಳನ್ನು ನರ್ಸಿಂಗ್ ಕಚೇರಿ ಬೇರೆಯಾಗಿ ಬರಮಾಡಿಕೊಂಡಿತು. ಗ್ರೂಪ್ ಡಿ ನೌಕರರನ್ನು ಯಾರೂ ಬರಮಾಡಿಕೊಳ್ಳಲಿಲ್ಲ. ಗುತ್ತಿಗೆ ಸಂಸ್ಥೆಯ ಮೇಲ್ವಿಚಾರಕ ಅವರನ್ನು ವಾರ್ಡ್‌ನ ಬಾಗಿಲಿಗೆ ಬಿಟ್ಟು ಹೋದ. ವೈದ್ಯರಿಗೆ ಕೊಟ್ಟ ದಪ್ಪ ಕಡತದಲ್ಲಿ ತುರ್ತು ಚಿಕಿತ್ಸೆಯಿಂದ ಹಿಡಿದು ಬೆಂಕಿ ಅವಘಡದವರೆಗೆ ಎಲ್ಲಕ್ಕೂ ಕಾರ್ಯವಿಧಾನ ಬರೆದಿತ್ತು. ‘ಓದಿ ಅರ್ಥಮಾಡಿಕೊಂಡಿದ್ದೇನೆ’ ಎಂಬ ಹಾಳೆಗೆ ಎಲ್ಲರೂ ಅಂದೇ ಸಹಿ ಹಾಕಿದರು, ಕಡತವನ್ನು ತೆರೆಯುವ ಮೊದಲೇ. ಆಸ್ಪತ್ರೆಯ ಗುಣಮಟ್ಟದ ಮಾನ್ಯತೆಗೆ ತರಬೇತಿಯ ದಾಖಲೆ ಬೇಕಾಗುತ್ತದೆ. ಆ ಸಹಿಯಿಂದ ದಾಖಲೆಯ ಕೆಲಸ ಮುಗಿಯಿತು. ಮುಂದಿನ ದಿನಗಳು ಹಾಜರಾತಿ ನೋಂದಣಿ, ಬ್ಯಾಂಕ್ ಖಾತೆ, ಕ್ವಾರ್ಟರ್ಸ್, ಹೊರರಾಜ್ಯದವರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಎಂಬ ಓಡಾಟದಲ್ಲಿ ಕಳೆದವು.

ಹಬ್ಬದ ರಾತ್ರಿ

ಗಣೇಶ ಚತುರ್ಥಿಯ ರಾತ್ರಿ ಅಡ್ಮಿಷನ್ ಡ್ಯೂಟಿಯಲ್ಲಿದ್ದವರು ಕೇರಳದಿಂದ ಬಂದಿದ್ದ ಹೊಸ ಸೀನಿಯರ್ ರೆಸಿಡೆಂಟ್. ಕನ್ನಡ ಅವರಿಗೆ ಆಗಷ್ಟೇ ಕಿವಿಗೆ ಬೀಳತೊಡಗಿತ್ತು. ವಾರ್ಡ್‌ನಲ್ಲಿದ್ದ ಸ್ಟಾಫ್ ನರ್ಸ್ ಕೂಡ ಹೊಸಬರು. ಜೊತೆಗಿದ್ದ ಪಿಜಿ ಮೊದಲ ವರ್ಷದವರು. ಹೊಲದಲ್ಲಿ ಸಂಜೆ ಹುಲ್ಲು ಕೊಯ್ಯುವಾಗ ಕಾಲಿಗೆ ಹಾವು ಕಚ್ಚಿದ ಕೂಲಿ ಕಾರ್ಮಿಕರೊಬ್ಬರನ್ನು, ಮೊದಲು ಊರಿನ ನಾಟಿ ವೈದ್ಯರಲ್ಲಿಗೆ ಒಯ್ದು, ಆಮೇಲೆ ಆಸ್ಪತ್ರೆಗೆ ಕರೆತಂದಿದ್ದರು. ಹಾವನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಪಾದ ಊದಿತ್ತು, ಕಣ್ಣಿನ ರೆಪ್ಪೆಗಳು ಜೋತುಬಿದ್ದಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವುಳ್ಳ ಮಂಡಲದ ಹಾವಿನ ಕಡಿತವೆಂದು ಊಹಿಸಲು ಕಾರಣಗಳಿದ್ದವು.

ಇಂಥ ಸಂದರ್ಭದಲ್ಲಿ ಹಾಸಿಗೆಯ ಪಕ್ಕದಲ್ಲೇ ಮಾಡುವ ಸರಳ ಪರೀಕ್ಷೆಯೊಂದಿದೆ. ರೋಗಿಯ ರಕ್ತವನ್ನು ಸ್ವಲ್ಪ ತೆಗೆದು, ಹೊಸದಾದ, ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿನಲ್ಲಿ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಬಳಿಕ ಬಾಗಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೆ ಸೇರಿದೆ ಎಂದು ತಿಳಿದು ಪ್ರತಿವಿಷ, ಅಂದರೆ ಎಎಸ್‌ವಿ, ಆರಂಭಿಸಬೇಕು. ಟ್ಯೂಬ್ ಗಾಜಿನದೇ ಆಗಿರಬೇಕು: ಪ್ಲಾಸ್ಟಿಕ್ಕಿನಲ್ಲಿ ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಗಾಜಿನಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿದು ದಾರಿ ತಪ್ಪಿಸಬಹುದು. ಇದೆಲ್ಲವೂ ಆ ವೈದ್ಯೆಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಗಾಜಿನ ಟ್ಯೂಬ್ ಎಲ್ಲಿದೆ ಎಂಬುದು. ವಾರ್ಡ್‌ನ ಟ್ರೇಯಲ್ಲಿ ಇದ್ದವೆಲ್ಲ ಪ್ಲಾಸ್ಟಿಕ್ಕಿನವು. ಕಡತದಲ್ಲಿದ್ದ ತುರ್ತು ಲ್ಯಾಬಿನ ಇಂಟರ್‌ಕಾಮ್ ಸಂಖ್ಯೆಗೆ ಕರೆ ಮಾಡಿದರೆ ಅದು ಬೀಗ ಹಾಕಿದ ಸ್ಟೋರಿನಲ್ಲಿ ರಿಂಗಾಗುತ್ತಿತ್ತು. ಲ್ಯಾಬ್ ಬೇರೆ ಬ್ಲಾಕಿಗೆ ಹೋಗಿ ಬಹಳ ಕಾಲವಾಗಿತ್ತು. ಪಿಜಿಯನ್ನು ಓಡಿಸಿದರು, ಅವರು ಮುಚ್ಚಿದ ಲಿಫ್ಟಿನ ಮುಂದೆ ನಿಂತು, ಮತ್ತೊಂದು ಮೆಟ್ಟಿಲು ಹುಡುಕಿ, ಕೊನೆಗೆ ಬರಿಗೈಲಿ ವಾಪಸಾದರು.

ನೆಲ ಒರೆಸಲು ಬಂದ ಆಯಮ್ಮ, ವಾರ್ಡ್‌ನಲ್ಲಿ ಅನೇಕ ವರ್ಷಗಳಿಂದ ಇದ್ದವರು, ಗಲಿಬಿಲಿ ನೋಡಿ ಏನು ಬೇಕೆಂದು ಕೇಳಿದರು. ನರ್ಸ್ ಹೇಳಿದ ಕೂಡಲೇ, “ಗಾಜಿನ ನಳಿಗೆ ಹಳೇ ಡ್ರೆಸಿಂಗ್ ರೂಮ್ ಕಪಾಟ್ನಾಗೆ ಐತ್ರೀ ಸಿಸ್ಟರ್, ಅದರ ಬೀಗದ ಕೈ ನಿಮ್ಮ ಟೇಬಲ್ ಡ್ರಾಯರ್ನಾಗೇ ಇರ್ತೈತಿ” ಎಂದರು. ಅಷ್ಟರಲ್ಲಿ ರೋಗಿ ಬಂದು ಒಂದು ಗಂಟೆ ಸಮೀಪಿಸಿತ್ತು. ರಕ್ತ ಹೆಪ್ಪುಗಟ್ಟಲಿಲ್ಲ. ಮೊದಲ ಸುತ್ತಿಗೆ ಬೇಕಾದ 10 ವಯಲ್‌ಗಳಲ್ಲಿ ಕೆಲವು ಮಾತ್ರ ಕ್ಯಾಷುಯಾಲ್ಟಿಯ ಫ್ರಿಜ್‌ನಲ್ಲಿದ್ದವು. ಉಳಿದವನ್ನು ರಾತ್ರಿ ಫಾರ್ಮಸಿಯಿಂದ ತರಲು ಇಂಡೆಂಟಿಗೆ, ಅಂದರೆ ಬೇಡಿಕೆ ಚೀಟಿಗೆ, ಯಾರ ಸಹಿ ಬೇಕೆಂಬ ಹುಡುಕಾಟದಲ್ಲಿ ಮತ್ತಷ್ಟು ಹೊತ್ತು ಹೋಯಿತು. ರೋಗಿ ಚೇತರಿಸಿಕೊಂಡು ಮನೆಗೆ ಹೋದರು, ಮೂತ್ರಪಿಂಡಕ್ಕೂ ತೊಂದರೆಯಾಗಲಿಲ್ಲ.

ಆ ರಾತ್ರಿ ಕರೆಗೆ ಸಿಗುವಂತೆ ಮನೆಯಲ್ಲಿದ್ದ ಸಹಾಯಕ ಪ್ರಾಧ್ಯಾಪಕರಿಗೆ ಒಂದೇ ಒಂದು ಕರೆಯೂ ಹೋಗಿರಲಿಲ್ಲ. ರೋಗಿಯ ವಸಡಿನಲ್ಲಿ ರಕ್ತ ಜಿನುಗುತ್ತಿದ್ದುದನ್ನು ಟ್ಯೂಬ್ ಹುಡುಕುತ್ತಿದ್ದಾಗಲೇ ಕೇಸ್ ಶೀಟ್‌ನಲ್ಲಿ ಬರೆಯಲಾಗಿತ್ತು. ಅಷ್ಟು ಲಕ್ಷಣವಿದ್ದರೆ ಪರೀಕ್ಷೆಗೆ ಕಾಯದೆ ಎಎಸ್‌ವಿ ಶುರುಮಾಡಬಹುದೆಂದು ಹೇಳಲು ಆ ಕರೆ ಸಾಕಿತ್ತು.

ನೋಟಿಸ್ ಕೊಡಬೇಕೇ ಬೇಡವೇ

ಮರುದಿನ ವಿಭಾಗದ ಮುಖ್ಯಸ್ಥರ ಮೇಜಿನ ಮೇಲೆ ಆ ವೈದ್ಯೆಗೆ ಕಾರಣ ಕೇಳುವ ನೋಟಿಸಿನ ಕರಡು ಸಿದ್ಧವಾಗಿತ್ತು. ತುರ್ತು ಚಿಕಿತ್ಸೆಯಲ್ಲಿ ವಿಳಂಬ, ಹಿರಿಯರಿಗೆ ಮಾಹಿತಿ ನೀಡದಿರುವುದು, ಮೂರು ದಿನಗಳೊಳಗೆ ಲಿಖಿತ ವಿವರಣೆ ಎಂದು ಅದರಲ್ಲಿತ್ತು. ಸಹಿ ಬಿದ್ದಿದ್ದರೆ ಪ್ರಕರಣ ಅಲ್ಲಿಗೆ ಮುಗಿಯುತ್ತಿತ್ತು, ವಿಭಾಗಕ್ಕೆ ಏನೂ ತಿಳಿಯುತ್ತಿರಲಿಲ್ಲ. ಸಹಿಗೆ ಮೊದಲು ನರ್ಸಿಂಗ್ ಸೂಪರಿಂಟೆಂಡೆಂಟ್ ಬಂದು, ಆ ತಿಂಗಳ ವೈದ್ಯರ ಮತ್ತು ನರ್ಸ್‌ಗಳ ಡ್ಯೂಟಿ ಪಟ್ಟಿಗಳೆರಡನ್ನೂ ಪಕ್ಕಪಕ್ಕದಲ್ಲಿಟ್ಟು, ಒಂದು ತಿಂಗಳೂ ತುಂಬದ ಹೆಸರುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ತೋರಿಸಿದರು. ಹಬ್ಬದ ರಾತ್ರಿಯ ಸಾಲು ಎರಡೂ ಪಟ್ಟಿಗಳಲ್ಲಿ ಕೆಂಪಾಗಿತ್ತು. ಇದು ಆಕಸ್ಮಿಕವಾಗಿರಲಿಲ್ಲ. ವೈದ್ಯರ ಪಟ್ಟಿಯನ್ನು ಹಿರಿಯ ಪಿಜಿಯೊಬ್ಬರೂ ನರ್ಸ್‌ಗಳ ಪಟ್ಟಿಯನ್ನು ವಾರ್ಡ್ ಇನ್‌ಚಾರ್ಜ್ ಸಿಸ್ಟರೂ ಬರೆಯುತ್ತಿದ್ದರು. ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಯ ರಾತ್ರಿಗಳು ಹೊಸಬರ ಪಾಲಿಗೆ ಎಂಬುದು ಎಲ್ಲಿಯೂ ಬರೆಯದ, ಎಲ್ಲರೂ ಪಾಲಿಸುವ ರೂಢಿಯಾಗಿತ್ತು. ಎರಡು ಕಡೆಯೂ ಅದೇ ರೂಢಿ ಇದ್ದದ್ದರಿಂದ ಅತ್ಯಂತ ಕಡಿಮೆ ಅನುಭವವುಳ್ಳವರೆಲ್ಲ ಒಂದೇ ರಾತ್ರಿ ಸೇರುತ್ತಿದ್ದರು.

ಸಮಿತಿಯ ಮುಂದೆ ಆ ವೈದ್ಯೆ ಹೇಳಿದ್ದು ಇನ್ನೊಂದು ವಿಷಯವನ್ನು ಬಯಲಿಗೆ ತಂದಿತು. ಹಿಂದಿನ ವಾರ ಮತ್ತೊಬ್ಬ ಹೊಸ ಸೀನಿಯರ್ ರೆಸಿಡೆಂಟ್, ಡಯಾಲಿಸಿಸ್‌ಗೆ ಒಪ್ಪಿಗೆ ಪತ್ರ ಬೇರೆ ಇದೆಯೇ ಎಂದು ವಿಭಾಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ರಾತ್ರಿ ಕೇಳಿದ್ದರು. ಯೂನಿಟ್ ಮುಖ್ಯಸ್ಥರೊಬ್ಬರು “ಇದನ್ನೂ ನಾವೇ ಹೇಳಬೇಕೆ?” ಎಂದು ಉತ್ತರಿಸಿದ್ದರು, ಆ ಉತ್ತರದ ಕೆಳಗೆ ಕೆಲವರು ಹೆಬ್ಬೆರಳು ಎತ್ತಿದ್ದರು. ಅದನ್ನು ಓದಿದ ಮೇಲೆ, ಹಬ್ಬದೂಟಕ್ಕೆ ಕುಳಿತಿರಬಹುದಾದ ಸರ್‌ಗೆ ಟ್ಯೂಬ್ ಎಲ್ಲಿದೆ ಎಂದು ಕೇಳಲು ಫೋನ್ ಮಾಡುವುದು ಹೇಗೆಂದು ಆಕೆಗೆ ತೋಚಲಿಲ್ಲ. ಸ್ವಾಗತ ಭಾಷಣದಲ್ಲಿ ‘ಏನೇ ಇದ್ದರೂ ಸಂಕೋಚವಿಲ್ಲದೆ ಕೇಳಿ’ ಎಂದಿದ್ದವರೂ ಅದೇ ಗುಂಪಿನಲ್ಲಿದ್ದರು. ಹೊಸಬರು ನಂಬುವುದು ಭಾಷಣವನ್ನಲ್ಲ, ಮೊದಲು ಕೇಳಿದವರಿಗೆ ಏನಾಯಿತು ಎಂಬುದನ್ನು.

ನೋಟಿಸ್ ಬೇಡವೆಂಬ ತೀರ್ಮಾನ ಸುಲಭದಲ್ಲಿ ಆಗಲಿಲ್ಲ. ಹಿರಿಯ ಪ್ರಾಧ್ಯಾಪಕರೊಬ್ಬರು, ನಾಳೆ ರೋಗಿಯ ಕಡೆಯವರು ಗ್ರಾಹಕರ ಆಯೋಗಕ್ಕೆ ಹೋದರೆ ನಾವು ಏನು ಕ್ರಮ ಕೈಗೊಂಡೆವೆಂದು ತೋರಿಸಲು ಕಡತದಲ್ಲಿ ಒಂದು ಹಾಳೆಯಾದರೂ ಇರಬೇಕೆಂದು ವಾದಿಸಿದರು. ಅವರ ಮಾತು ತಳ್ಳಿಹಾಕುವಂಥದ್ದಾಗಿರಲಿಲ್ಲ. ಕೊನೆಗೆ ವ್ಯಕ್ತಿಗೆ ನೋಟಿಸ್ ಕೊಡುವ ಬದಲು ಘಟನೆಯನ್ನು ನಿಮಿಷ ನಿಮಿಷದ ವಿವರದೊಂದಿಗೆ ದಾಖಲಿಸಿ, ಪ್ರತಿ ವಿಳಂಬದ ಪಕ್ಕದಲ್ಲೂ ಅದಕ್ಕೆ ಕಾರಣವಾದ ವ್ಯವಸ್ಥೆಯನ್ನು ಬರೆಯುವುದೆಂದು ನಿರ್ಧಾರವಾಯಿತು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ತಿರುವು ಇದೇ. ನೋಟಿಸ್ ಹೋಗಿದ್ದರೆ ಉಳಿದ ಹೊಸಬರು ಕೇಳುವುದನ್ನು ಪೂರ್ತಿಯಾಗಿ ನಿಲ್ಲಿಸುತ್ತಿದ್ದರು.

ಕೈಗೊಂಡ ಕ್ರಮಗಳು

ಮೊದಲು ಹೊಳೆದದ್ದು ಇನ್ನಷ್ಟು ಉಪನ್ಯಾಸ. ವೈದ್ಯಕೀಯ ಶಿಕ್ಷಣ ಘಟಕ ಇಡೀ ದಿನದ ಪರಿಚಯ ಕಾರ್ಯಕ್ರಮ ಏರ್ಪಡಿಸಿತು: ಜೈವಿಕ ವೈದ್ಯಕೀಯ ತ್ಯಾಜ್ಯ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ) ಬರವಣಿಗೆ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಪೂರ್ವಾನುಮತಿ, ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ, ಹೀಗೆ ಒಂದರ ಹಿಂದೆ ಒಂದು. ವಿಷಯಗಳೆಲ್ಲ ಬೇಕಾದವೇ. ಆದರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಜನರನ್ನು ರೌಂಡ್ಸ್‌ಗೆ ಕರೆಸಿಕೊಂಡಾಗಿತ್ತು, ಹಾಜರಾತಿ ಹಾಳೆ ಮಾತ್ರ ತುಂಬಿತ್ತು. ಕೆಲವು ವಾರಗಳ ನಂತರ ಸಮಿತಿ ಹೊಸಬರನ್ನೇ ಮಾತನಾಡಿಸಿದಾಗ, ಹಳದಿ ಚೀಲಕ್ಕೆ ಏನು, ಕೆಂಪು ಚೀಲಕ್ಕೆ ಏನು ಎಂದು ಎಲ್ಲರೂ ಸರಿಯಾಗಿ ಹೇಳಿದರು. ರಾತ್ರಿ ಎರಡು ಗಂಟೆಗೆ ರಕ್ತ ಬೇಕಾದರೆ ಬ್ಲಡ್ ಬ್ಯಾಂಕಿನ ಯಾವ ಬಾಗಿಲು ತಟ್ಟಬೇಕೆಂದು ಹೇಳಿದವರು ಕಡಿಮೆ.

ಎರಡನೆಯದು, ಪ್ರತಿಯೊಬ್ಬ ಹೊಸಬರಿಗೂ ಒಬ್ಬ ಜೊತೆಗಾರರನ್ನು ಗೊತ್ತುಮಾಡುವ ಕ್ರಮ. ಎರಡು ಯೂನಿಟ್‌ಗಳಲ್ಲಿ ಇದು ಚೆನ್ನಾಗಿಯೇ ನಡೆಯಿತು. ಒಂದರಲ್ಲಿ ಮಾತ್ರ ಜೊತೆಗಾರರಾಗಿ ನೇಮಕವಾದವರು ಯೂನಿಟ್‌ನ ಎರಡನೇ ಮುಖ್ಯಸ್ಥರು, ಅಂದರೆ ಹೊಸಬರ ಕೆಲಸದ ಬಗ್ಗೆ ವರ್ಷದ ಕೊನೆಗೆ ವರದಿ ಬರೆಯುವವರು. ಅಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ಕೇಳಿದ ಪ್ರಶ್ನೆ ವರದಿಯಲ್ಲಿ ಕಾಣಿಸಿಕೊಂಡೀತೆಂಬ ಅಂಜಿಕೆ ಆಧಾರವಿಲ್ಲದ್ದೇ ಇರಬಹುದು, ಆದರೆ ಅದನ್ನು ಹೋಗಲಾಡಿಸುವ ಮಾತು ಯಾರಲ್ಲಿಯೂ ಇರಲಿಲ್ಲ. ಆಮೇಲೆ, ಮೌಲ್ಯಮಾಪನ ಮಾಡುವವರು ಜೊತೆಗಾರರಾಗಬಾರದು, ಮತ್ತು ಸಾಧ್ಯವಾದಷ್ಟು ಒಂದೆರಡು ವರ್ಷ ಮಾತ್ರ ಹಿರಿಯರಾದವರೇ ಆಗಬೇಕೆಂದು ಬದಲಿಸಿದರು. ತಾವು ಸೇರಿದಾಗ ಎಲ್ಲಿ ದಾರಿ ತಪ್ಪಿತ್ತೆಂಬುದು ಅವರಿಗಿನ್ನೂ ನೆನಪಿರುತ್ತದೆ.

ನಿಜವಾಗಿ ಫಲ ಕೊಟ್ಟದ್ದು ಮೂರನೆಯದು, ಮತ್ತು ಅದಕ್ಕೆ ಖರ್ಚೇ ಇರಲಿಲ್ಲ. ಸೇರಿದ ಮೊದಲ ವಾರದಲ್ಲಿ, ರಾತ್ರಿ ಒಂಬತ್ತರ ನಂತರ, ವಾರ್ಡ್‌ನ ಹಿರಿಯ ಸಿಸ್ಟರ್ ಮತ್ತು ಆಯಮ್ಮನ ಜೊತೆ ಹೊಸಬರು ಆಸ್ಪತ್ರೆಯನ್ನು ಒಂದು ಸುತ್ತು ಹಾಕುವುದು. ಹಗಲಿನ ಆಸ್ಪತ್ರೆಯೇ ಬೇರೆ, ರಾತ್ರಿಯ ಆಸ್ಪತ್ರೆಯೇ ಬೇರೆ: ಮುಂಭಾಗದ ಲಿಫ್ಟ್ ನಿಂತಿರುತ್ತದೆ, ಫಾರ್ಮಸಿಯ ದೊಡ್ಡ ಕೌಂಟರ್ ಮುಚ್ಚಿ ಕಿಟಕಿಯೊಂದು ತೆರೆದಿರುತ್ತದೆ, ಸ್ಯಾಂಪಲ್‌ಗಳು ಬೇರೆ ಲ್ಯಾಬಿಗೆ ಹೋಗುತ್ತವೆ, ಬೀಗದ ಕೈಗಳು ಬೇರೆಯವರ ಬಳಿ ಸೇರುತ್ತವೆ. ಹಾವು ಕಡಿತದ ಟ್ರೇ, ಅಂದರೆ ಗಾಜಿನ ಟ್ಯೂಬ್‌ಗಳು, ಎಎಸ್‌ವಿ ಇರುವ ಜಾಗದ ಚೀಟಿ, ಅಡ್ರಿನಲಿನ್ (ಎಎಸ್‌ವಿಗೆ ಅಲರ್ಜಿಯಾದರೆ ಕೊಡುವ ಔಷಧ), ಎಲ್ಲವನ್ನೂ ಆ ಸುತ್ತಿನಲ್ಲಿ ಹೊಸಬರು ಕೈಯಿಂದ ಮುಟ್ಟಿ ನೋಡಬೇಕು. ಕರೆಗೆ ಸಿಗುವ ಹಿರಿಯರ ನಂಬರಿಗೆ ಅಲ್ಲಿಂದಲೇ ಒಂದು ಕರೆ ಮಾಡಿ, ಅವರು ಎತ್ತುವವರೆಗೆ ಕಾಯಬೇಕು. ಈ ಕೊನೆಯ ಅಂಶ ಸೇರಿಸಿದ್ದು ಆ ಕೇರಳದ ವೈದ್ಯೆಯ ಸಲಹೆಯ ಮೇಲೆ. ಕಾರಣವಿಲ್ಲದ ಮೊದಲ ಕರೆ ಆಗಿಹೋದರೆ ಕಾರಣವಿರುವ ಎರಡನೆಯದು ಅಷ್ಟು ಕಷ್ಟವಾಗುವುದಿಲ್ಲವೆಂದು ಆಕೆ ಹೇಳಿದ್ದರು.

ಹೊಸ ಸಹಾಯಕ ಪ್ರಾಧ್ಯಾಪಕರೊಬ್ಬರಿಗೆ, ಎಂ.ಡಿ. ಮಾಡಿ ಬಂದ ತಮ್ಮನ್ನು ಆಯಮ್ಮನ ಹಿಂದೆ ನಡೆಸುವುದು ಸರಿಕಾಣಲಿಲ್ಲ. ವಿಭಾಗದ ಮುಖ್ಯಸ್ಥರು ವಾದಕ್ಕೆ ಇಳಿಯದೆ, ಮೊದಲ ಸುತ್ತಿಗೆ ತಾವೇ ಬಂದರು. ಫಾರ್ಮಸಿಯ ರಾತ್ರಿ ಕಿಟಕಿ ಎಲ್ಲಿದೆಯೆಂಬುದು ಅವರಿಗೂ ಗೊತ್ತಿರಲಿಲ್ಲವೆಂದು ಅಂದು ತಿಳಿಯಿತು. ಆಕ್ಷೇಪ ಮತ್ತೆ ಬರಲಿಲ್ಲ.

ದಪ್ಪ ಕಡತವನ್ನು ಮಾನ್ಯತೆಯ ಕಪಾಟಿಗೆ ಬಿಟ್ಟು, ಡ್ಯೂಟಿ ರೂಮಿನ ಬೀರುವಿನ ಬಾಗಿಲ ಒಳಭಾಗಕ್ಕೆ ಒಂದೇ ಹಾಳೆಯ ಪಟ್ಟಿಯನ್ನು ಅಂಟಿಸಲಾಯಿತು. ನಂಬರ್ ತಪ್ಪಿದ್ದರೆ ನೋಡಿದವರು ಪೆನ್ನಿನಿಂದಲೇ ತಿದ್ದಿ, ದಿನಾಂಕ ಬರೆಯಬೇಕು. ಯಾರ ಅನುಮತಿಯೂ ಬೇಡ. ಹೊಸಬರು ಸೇರಿದ ಎರಡನೇ ವಾರದ ಕೊನೆಗೆ ಅದನ್ನು ಪರಿಶೀಲಿಸಿ ತಿದ್ದುವುದು ಅವರದೇ ಜವಾಬ್ದಾರಿ. ಹಳಬರ ಕಣ್ಣಿಗೆ ಬೀಳದ ತಪ್ಪುಗಳು ಹೊಸಬರಿಗೆ ತಟ್ಟನೆ ಕಾಣುತ್ತವೆ. ಆ ಹಾಳೆ ನೋಡಲು ಚೆನ್ನಾಗಿಲ್ಲ, ಗೀಚುಗಳೇ ಹೆಚ್ಚು. ಪರಿಶೀಲನೆಗೆ ಬಂದವರು ಅದನ್ನು ಅಚ್ಚುಕಟ್ಟಾಗಿ ಮುದ್ರಿಸಿ ಹಾಕಲು ಒಮ್ಮೆ ಸೂಚಿಸಿದ್ದರಂತೆ. ಮುದ್ರಿಸಲಿಲ್ಲ, ಒಳ್ಳೆಯದಾಯಿತು.

ಡ್ಯೂಟಿ ಪಟ್ಟಿಯ ವಿಷಯ ಇಷ್ಟು ಸರಾಗವಾಗಿರಲಿಲ್ಲ. ಸೇರಿ ಒಂದು ತಿಂಗಳಾಗುವವರೆಗೆ ಹೊಸ ವೈದ್ಯರೂ ಹೊಸ ನರ್ಸೂ ಒಂದೇ ರಾತ್ರಿ ಒಂದೇ ವಾರ್ಡ್‌ನಲ್ಲಿ ಇರಬಾರದೆಂಬ ನಿಯಮ ಮಾಡಿದರು. ಇದರಿಂದ ಹಬ್ಬದ ರಾತ್ರಿಗಳು ಹಳಬರ ಪಾಲಿಗೂ ಬಂದವು. ‘ನಾವೂ ಹೊಸಬರಾಗಿದ್ದಾಗ ಇದನ್ನೆಲ್ಲ ಮಾಡಿಲ್ಲವೇ’ ಎಂಬ ಗೊಣಗಾಟ ಎದ್ದಿತು. ಆ ಮಾತಿನಲ್ಲಿ ನ್ಯಾಯವೂ ಇತ್ತು, ಏಕೆಂದರೆ ಅವರಿಗೆ ಈ ಸೌಲಭ್ಯ ಯಾರೂ ಕೊಟ್ಟಿರಲಿಲ್ಲ. ಹಬ್ಬದ ರಾತ್ರಿ ದುಡಿದವರಿಗೆ ಬದಲಿ ರಜೆ ಎಂದು ಒಪ್ಪಂದವಾಯಿತು. ಮೂರನೇ ವರ್ಷದ ಪಿಜಿಗಳು ಪರೀಕ್ಷೆಯ ರಜೆಗೆ ಹೋದಾಗ ಜನ ಸಾಲದೆ ನಿಯಮ ಮುರಿದದ್ದೂ ಉಂಟು. ಅಂಥ ರಾತ್ರಿಗಳಲ್ಲಿ ಸಹಾಯಕ ಪ್ರಾಧ್ಯಾಪಕರು ಮನೆಯಲ್ಲಿರದೆ ಆಸ್ಪತ್ರೆಯಲ್ಲೇ ಉಳಿಯುವುದೆಂದು ಆಮೇಲೆ ಸೇರಿಸಲಾಯಿತು.

ಭಾಷೆಯ ವಿಷಯದಲ್ಲಿ ಮೊದಲು ಹೌಸ್ ಸರ್ಜನ್ ಒಬ್ಬರನ್ನು ಒಪಿಡಿಯಲ್ಲಿ ಅನುವಾದಕ್ಕೆ ಕೂರಿಸಿದರು. ಅವರ ಕಲಿಕೆಯ ಹೊತ್ತು ಅದರಲ್ಲೇ ಹೋಗುತ್ತಿತ್ತೆಂದು ಬೇಗನೆ ಕೈಬಿಟ್ಟು, ‘ತ್ರಾಸ ಆಗಾಕತ್ತೈತ್ರಿ’, ‘ಕಣ್ಣಿಗೆ ಕತ್ತಲಿ ಬಂತ್ರಿ’ ಎಂಬಂಥ, ಆ ಭಾಗದ ರೋಗಿಗಳು ನಿತ್ಯ ಹೇಳುವ ಮಾತುಗಳ ಪಟ್ಟಿಯನ್ನು ಸಿಸ್ಟರ್‌ಗಳೇ ಬರೆದುಕೊಟ್ಟರು. ಎಂಬಿಬಿಎಸ್ ವಿದ್ಯಾರ್ಥಿಗಳ ಆರಂಭಿಕ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೆ ಜಾಗವಿದೆ. ಹೊರಗಿನಿಂದ ಬರುವ ರೆಸಿಡೆಂಟ್‌ಗಳಿಗೆ ಈ ಕಾಲೇಜಿನಲ್ಲಿ ಅಂಥದ್ದೇನೂ ಇರಲಿಲ್ಲ.

ಫಲಿತಾಂಶ

ಮುಂದಿನ ತಂಡ ಸೇರಿದಾಗ, ರಾತ್ರಿ ಕರೆಗಳು ವಿಪರೀತವಾಗಿವೆ ಎಂದು ಸಹಾಯಕ ಪ್ರಾಧ್ಯಾಪಕರಿಬ್ಬರು ದೂರಿದರು. ಮುಖ್ಯಸ್ಥರು ಅದನ್ನು ದೂರೆಂದು ತೆಗೆದುಕೊಳ್ಳಲಿಲ್ಲ. ಕರೆಗಳು ಎರಡು-ಮೂರು ತಿಂಗಳಲ್ಲಿ ತಾವಾಗಿ ಇಳಿಯುತ್ತವೆಂದರು, ಬಹುಮಟ್ಟಿಗೆ ಹಾಗೆಯೇ ಆಯಿತು. ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ಪ್ರಶ್ನೆಗೆ ಚುಚ್ಚಿ ಉತ್ತರಿಸಿದ್ದ ಯೂನಿಟ್ ಮುಖ್ಯಸ್ಥರಿಗೆ ಯಾರೂ ಬುದ್ಧಿ ಹೇಳಲಿಲ್ಲ. ಬದಲಿಗೆ, ರೋಗಿಯ ಚಿಕಿತ್ಸೆಯ ಪ್ರಶ್ನೆಗಳನ್ನು ಗುಂಪಿನಲ್ಲಿ ಹಾಕದೆ ಕರೆ ಮಾಡಿಯೇ ಕೇಳಬೇಕೆಂದು ನಿಯಮ ಬಂತು. ರೋಗಿಯ ಗೋಪ್ಯತೆ ಅದಕ್ಕೆ ಹೇಳಿದ ಕಾರಣ, ಎಲ್ಲರೆದುರು ನಾಚಿಸುವುದು ನಿಂತದ್ದು ಅದರ ಲಾಭ.

ಕೇರಳದ ವೈದ್ಯೆ ತಮ್ಮ ಅವಧಿ ಪೂರೈಸಿ ಅಲ್ಲೇ ಸಹಾಯಕ ಪ್ರಾಧ್ಯಾಪಕರಾದರು, ಈಗ ರಾತ್ರಿ ಸುತ್ತನ್ನು ಅವರೇ ನಡೆಸುತ್ತಾರೆ. ಆ ತಂಡದ ಇನ್ನೊಬ್ಬರು ವರ್ಷದೊಳಗೆ ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಹೋದರು. ಸಂಬಳ, ಮಕ್ಕಳ ಶಾಲೆ ಅವರ ಕಾರಣಗಳು. ಸ್ವಾಗತ ಎಷ್ಟೇ ಚೆನ್ನಾಗಿದ್ದರೂ ಅದನ್ನು ತಡೆಯುತ್ತಿರಲಿಲ್ಲ, ಆ ಲೆಕ್ಕವನ್ನು ಅದರ ತಲೆಗೆ ಕಟ್ಟುವುದೂ ಸರಿಯಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದಾಗ, ವರದಿಯ ಕ್ರಮವನ್ನು ಸೇರಿಸಲು ವಿಭಾಗಕ್ಕೆ ಹೊಸ ಸುತ್ತೋಲೆ ಬೇಕಾಗಲಿಲ್ಲ, ಬೀರುವಿನ ಬಾಗಿಲ ಹಾಳೆಯಲ್ಲಿ ಒಂದು ಸಾಲು ಹೆಚ್ಚಾಯಿತು.

ಬಗೆಹರಿಯದೆ ಉಳಿದದ್ದು ಹೊರಗುತ್ತಿಗೆಯವರ ವಿಷಯ. ಸೂಜಿ ಚುಚ್ಚಿಕೊಂಡ ಸ್ವಚ್ಛತಾ ಕೆಲಸಗಾರ್ತಿಯೊಬ್ಬರು ಯಾರಿಗೂ ಹೇಳದೆ ಎರಡು ದಿನ ಸುಮ್ಮನಿದ್ದ ಸಂಗತಿ ಪರಾಮರ್ಶೆಯ ನಡುವೆ ಹೊರಬಂತು. ಎಚ್‌ಐವಿ ತಡೆಯ ಔಷಧವನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಗಳೊಳಗೆ ಶುರುಮಾಡಬೇಕು. ಆಕೆಯ ವಿಷಯದಲ್ಲಿ ಅದು ಕೂದಲೆಳೆಯಲ್ಲಿ ಆಯಿತು. ಹೆಪಟೈಟಿಸ್ ಬಿ ಲಸಿಕೆಯ ಒಂದು ಡೋಸೂ ಆಕೆಗೆ ಆಗಿರಲಿಲ್ಲ. ಲಸಿಕೆಯ ಖರ್ಚು ಯಾರದೆಂದು ಗುತ್ತಿಗೆ ಸಂಸ್ಥೆಯೂ ಆಸ್ಪತ್ರೆಯೂ ಪತ್ರ ಬರೆದುಕೊಳ್ಳುತ್ತಿದ್ದಾಗ ವಿಭಾಗದ ಮುಖ್ಯಸ್ಥರು ಆಸ್ಪತ್ರೆಯಿಂದಲೇ ಕೊಡಿಸಿದರು. ಆದರೆ ಲಸಿಕೆಯ ಮೂರು ಡೋಸ್‌ಗಳು ಮುಗಿಯಲು ಆರು ತಿಂಗಳು ಬೇಕು, ಅಷ್ಟರಲ್ಲಿ ಟೆಂಡರ್ ಬದಲಾಗಿ ಅರ್ಧ ಜನ ಬೇರೆಯವರಾಗಿರುತ್ತಾರೆ. ಹೊಸ ಗುತ್ತಿಗೆಯವರು ಯಾವ ದಿನ ಎಷ್ಟು ಜನರನ್ನು ಕಳುಹಿಸುತ್ತಾರೆಂಬುದು ವಿಭಾಗಕ್ಕೆ ಇಂದಿಗೂ ಮುಂಚಿತವಾಗಿ ತಿಳಿಯುವುದಿಲ್ಲ. ಮುಂದಿನ ಟೆಂಡರಿನ ಷರತ್ತುಗಳಲ್ಲಿ ಲಸಿಕೆಯನ್ನೂ ರಾತ್ರಿ ಸುತ್ತನ್ನೂ ಸೇರಿಸಬೇಕೆಂಬ ಸಮಿತಿಯ ಶಿಫಾರಸು ಆಡಳಿತ ಕಚೇರಿಯಲ್ಲಿದೆ.